ಪ್ಲಾಟು ಮಾರಿಸುವವರಿಗೂ ಬೇಕು ನೋಂದಣಿ: ತೊರವಿ ಭಾಗದವರಿಗೆ ರೇರಾ ಏಜೆಂಟ್ ಮಾರ್ಗದರ್ಶಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ತೊರವಿ ಸಿಗುತ್ತದೆ. ನರಸಿಂಹ ದೇವಾಲಯ, ಎರಡನೇ ಇಬ್ರಾಹಿಂ ಆದಿಲಶಾಹ ಕಟ್ಟಿಸಿದ ನವರಸಪುರದ ಸಂಗೀತ ಮಹಲು, ತೊರವೆ ರಾಮಾಯಣದ ಕವಿ ಕುಮಾರ ವಾಲ್ಮೀಕಿ, ಇವುಗಳಿಂದ ಹೆಸರಾದ ಊರು. ಈಗ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ನಗರ ಬೆಳೆದಂತೆ ಊರಂಚಿನ ಹೊಲಗಳು ಪ್ಲಾಟುಗಳಾಗುತ್ತವೆ, ಪ್ಲಾಟು ಕೊಳ್ಳುವವರಿಗೂ ಮಾರುವವರಿಗೂ ನಡುವೆ ಒಬ್ಬರು ನಿಲ್ಲಬೇಕಾಗುತ್ತದೆ.

ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಅಂಗಡಿ, ಅಡತಿ ವ್ಯಾಪಾರ ಅಥವಾ ಕೃಷಿಯ ಜೊತೆಗೆ ಇಂಥ ಮಧ್ಯಸ್ಥಿಕೆಯೂ ನಡೆದುಕೊಂಡು ಬಂದಿದೆ. ಊರಿನಲ್ಲಿ ನಾಲ್ಕು ಜನರ ಪರಿಚಯವಿದ್ದವರನ್ನು ಬೀಗರು, ಗೆಳೆಯರು ಕೇಳುವುದು ಸಹಜ. ಈಗ ಪದವಿ ಮುಗಿಸಿದ ಯುವಕ ಯುವತಿಯರು ಇದನ್ನೇ ಪೂರ್ಣಾವಧಿ ಉದ್ಯೋಗವಾಗಿ ಮಾಡಲು ಮುಂದೆ ಬರುತ್ತಿದ್ದಾರೆ. ಅವರ ಮೊದಲ ಪ್ರಶ್ನೆ: ‘ಇದಕ್ಕೆ ಲೈಸೆನ್ಸ್ ಎಲ್ಲಿ ಕೊಡುತ್ತಾರೆ?’ ಅದಕ್ಕೆ ಉತ್ತರ ಇಲ್ಲಿದೆ. ಜೊತೆಗೆ, ಲೈಸೆನ್ಸ್‌ಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಗೂ ಉತ್ತರ ತಿಳಿದಿರಬೇಕು: ಯಾವ ಪ್ಲಾಟನ್ನು ಮಾರಿಸಬಾರದು?

ಲೈಸೆನ್ಸ್ ಅಲ್ಲ, ನೋಂದಣಿ

ಜನರು ರೂಢಿಯಲ್ಲಿ ಲೈಸೆನ್ಸ್ ಎನ್ನುವುದನ್ನು ಕಾನೂನು ನೋಂದಣಿ ಎಂದು ಕರೆಯುತ್ತದೆ. ಸಂಸತ್ತು 2016ರಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯನ್ನು ಅಂಗೀಕರಿಸಿತು. ಅದನ್ನೇ ಚಿಕ್ಕದಾಗಿ ರೇರಾ ಎನ್ನುತ್ತೇವೆ. 2017ರ ಮೇ 1ರಿಂದ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂತು, ಅದೇ ವರ್ಷ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ನೋಂದಣಿ ಕೊಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ ಬೇರೆ, ಇದು ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಎಂದು ತಿಳಿಯಬಾರದು.

ಕಾಯ್ದೆಯಲ್ಲಿ ಏಜೆಂಟ್ ಎಂಬ ಪದದ ಅರ್ಥ ವಿಶಾಲವಾಗಿದೆ. ಕಮಿಷನ್ ಅಥವಾ ಬೇರೆ ಯಾವುದೇ ಪ್ರತಿಫಲ ಪಡೆದು ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸುವವರು, ಮಾತುಕತೆ ನಡೆಸಿಕೊಡುವವರು ಎಲ್ಲರೂ ಏಜೆಂಟರೇ. ದಲ್ಲಾಳಿ, ಬ್ರೋಕರ್, ಪ್ರಾಪರ್ಟಿ ಡೀಲರ್ ಎಂದು ಹೆಸರು ಏನೇ ಇರಲಿ, ವ್ಯತ್ಯಾಸವಿಲ್ಲ. ‘ನಾನು ಬರೀ ಫೋನ್ ನಂಬರ್ ಕೊಟ್ಟೆ, ಅವರು ಖುಷಿಯಿಂದ ಏನೋ ಕೊಟ್ಟರು’ ಎಂಬ ಮಾತು ಇಲ್ಲಿ ರಕ್ಷಣೆ ನೀಡುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ಈ ಭಾಗದಲ್ಲಿ ಗೊಂದಲ ಹೆಚ್ಚಿರುವುದು ಇಲ್ಲಿಯೇ. ಕಾಯ್ದೆಯ 9ನೇ ಕಲಮಿನ ಪ್ರಕಾರ, ಯೋಜನಾ ಪ್ರದೇಶದಲ್ಲಿ ಡೆವಲಪರ್ ಮಾರುವ, ರೇರಾದಲ್ಲಿ ನೋಂದಾಯಿಸಿದ ಬಡಾವಣೆಯ ಪ್ಲಾಟು, ಫ್ಲ್ಯಾಟು ಅಥವಾ ಕಟ್ಟಡದ ಮಾರಾಟಕ್ಕೆ ನೆರವಾಗುವವರು ಕಡ್ಡಾಯವಾಗಿ ನೋಂದಣಿ ಪಡೆದಿರಬೇಕು.

ಹೀಗಾಗಿ ವ್ಯವಹಾರಗಳನ್ನು ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು, ಡೆವಲಪರ್ ಮಾಡಿದ ನೋಂದಾಯಿತ ಬಡಾವಣೆ ಅಥವಾ ಅಪಾರ್ಟ್‌ಮೆಂಟ್. ಇದಕ್ಕೆ ಏಜೆಂಟ್ ನೋಂದಣಿ ಬೇಕೇ ಬೇಕು.

ಎರಡನೆಯದು, ಟಿಕೋಟಾ ಕಡೆಯ ದ್ರಾಕ್ಷಿ ತೋಟ, ಬಬಲೇಶ್ವರ ಭಾಗದ ನೀರಾವರಿ ಹೊಲ, ಊರೊಳಗಿನ ಹಳೆಯ ಮನೆ, ಒಬ್ಬರು ಹಿಂದೆ ಕೊಂಡಿದ್ದ ಪ್ಲಾಟಿನ ಮರುಮಾರಾಟ. ಇಂಥವು ಡೆವಲಪರ್ ಮಾರುವ ಪ್ರಾಜೆಕ್ಟ್ ಅಲ್ಲ. ಆದ್ದರಿಂದ 9ನೇ ಕಲಮಿನ ನೋಂದಣಿ ಇವಕ್ಕೆ ಅನ್ವಯಿಸುವುದಿಲ್ಲ. ಆದರೆ ಕಾಗದ ಪರಿಶೀಲನೆಯ ಹೊಣೆ ಇಲ್ಲಿಯೂ ಇದೆ.

ಮೂರನೆಯದು, ನೋಂದಣಿ ಆಗಬೇಕಿದ್ದರೂ ಆಗದ ಬಡಾವಣೆ. ಇದನ್ನು ನೋಂದಾಯಿತ ಏಜೆಂಟರೂ ಮಾರಿಸುವಂತಿಲ್ಲ. 10ನೇ ಕಲಮು ಇದನ್ನು ನೇರವಾಗಿ ನಿಷೇಧಿಸುತ್ತದೆ.

ಯಾವ ಬಡಾವಣೆಗೆ ರೇರಾ ನೋಂದಣಿ ಬೇಡ? ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಲ್ಲ ಹಂತ ಸೇರಿ ಫ್ಲ್ಯಾಟುಗಳು 8ಕ್ಕಿಂತ ಹೆಚ್ಚಿಲ್ಲದಿದ್ದರೆ ವಿನಾಯಿತಿ ಇದೆ. ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಐದು ಗುಂಟೆಗೆ 5,445 ಚದರ ಅಡಿ. 500 ಚದರ ಮೀಟರ್ ಎಂದರೆ ಸುಮಾರು 5,382 ಚದರ ಅಡಿ. ಅಂದರೆ ಐದು ಗುಂಟೆಯೇ ಮಿತಿಯನ್ನು ದಾಟುತ್ತದೆ. ಎರಡು ಎಕರೆ ಹೊಲದಲ್ಲಿ ಕಲ್ಲು ನೆಟ್ಟು, ‘ಇದು ಸಣ್ಣ ಲೇಔಟ್, ರೇರಾ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಡೀ ಜಾಗವನ್ನು ಹಂತ ಹಂತವಾಗಿ ಒಡೆದು ತೋರಿಸಿದರೂ ವಿನಾಯಿತಿ ಸಿಗುವುದಿಲ್ಲ.

ಅರ್ಹತೆ, ದಾಖಲೆ ಮತ್ತು ಶುಲ್ಕ

ಕೇಂದ್ರ ಕಾಯ್ದೆಯಲ್ಲಿ ಏಜೆಂಟ್ ಆಗಲು ನಿರ್ದಿಷ್ಟ ವಿದ್ಯಾರ್ಹತೆ ಇಲ್ಲ. ಅರ್ಜಿಯನ್ನು ನಮೂನೆ ‘ಜಿ’ಯಲ್ಲಿ, ಪ್ರಾಧಿಕಾರದ ಜಾಲತಾಣದ ಮೂಲಕ ಸಲ್ಲಿಸಬೇಕು. ಮೊದಲೇ ಸಿದ್ಧಮಾಡಿಕೊಳ್ಳಬೇಕಾದವು:

- ಪ್ಯಾನ್ ಕಾರ್ಡ್ ಪ್ರತಿ ಮತ್ತು ಭಾವಚಿತ್ರ
- ಆಧಾರ್ ಅಥವಾ ಬೇರೆ ಗುರುತಿನ ದಾಖಲೆ
- ಹಿಂದಿನ ಮೂರು ಹಣಕಾಸು ವರ್ಷಗಳ ಆದಾಯ ತೆರಿಗೆ ರಿಟರ್ನ್. ರಿಟರ್ನ್ ಸಲ್ಲಿಸುವಷ್ಟು ಆದಾಯ ಇಲ್ಲದಿದ್ದವರು ಹಾಗೆಂದು ಘೋಷಣೆ ಕೊಡಬೇಕು
- ವ್ಯವಹಾರ ನಡೆಸುವ ಸ್ಥಳದ ವಿಳಾಸದ ದಾಖಲೆ: ಸ್ವಂತದ್ದಾದರೆ ಉತಾರ ಅಥವಾ ತೆರಿಗೆ ರಸೀದಿ, ಬಾಡಿಗೆಯಾದರೆ ಕರಾರು ಪತ್ರ
- ಪಾಲುದಾರಿಕೆ ಅಥವಾ ಕಂಪನಿಯಾಗಿದ್ದರೆ ಅದರ ನೋಂದಣಿ ಪತ್ರ, ಪಾಲುದಾರರ ಅಥವಾ ನಿರ್ದೇಶಕರ ವಿವರ

ಕರ್ನಾಟಕದ ನಿಯಮಗಳಂತೆ ಶುಲ್ಕ ಒಬ್ಬ ವ್ಯಕ್ತಿಗೆ 25,000 ರೂಪಾಯಿ. ಪಾಲುದಾರಿಕೆ, ಕಂಪನಿ ಮೊದಲಾದ ಸಂಸ್ಥೆಗಳಿಗೆ 2 ಲಕ್ಷ ರೂಪಾಯಿ. ನೋಂದಣಿ 5 ವರ್ಷ ಚಾಲ್ತಿಯಲ್ಲಿರುತ್ತದೆ. ಅಣ್ಣ ತಮ್ಮ ಇಬ್ಬರು ಸೇರಿ ಕೆಲಸ ಆರಂಭಿಸುವುದಾದರೆ ಇಲ್ಲಿ ಯೋಚಿಸಬೇಕು. ಇಬ್ಬರೂ ಬೇರೆ ಬೇರೆಯಾಗಿ ವ್ಯಕ್ತಿಗತ ನೋಂದಣಿ ಪಡೆದರೆ ಒಟ್ಟು 50,000 ರೂಪಾಯಿ, ಪಾಲುದಾರಿಕೆ ಹೆಸರಿನಲ್ಲಿ ಹೋದರೆ 2 ಲಕ್ಷ. ಆದರೆ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲಿಯೇ ವ್ಯವಹಾರ, ರಸೀದಿ, ಬೋರ್ಡು ಇರಬೇಕು. ವ್ಯಕ್ತಿಯ ಹೆಸರಿನಲ್ಲಿ ನೋಂದಣಿ ಪಡೆದು ಸಂಸ್ಥೆಯ ಹೆಸರಿನಲ್ಲಿ ಕಮಿಷನ್ ಪಡೆಯುವುದು ಸರಿಯಲ್ಲ.

ಅರ್ಜಿ ಸಲ್ಲಿಸುವ ಕ್ರಮ

1. ಕರ್ನಾಟಕ ರೇರಾ ಜಾಲತಾಣದಲ್ಲಿ ಏಜೆಂಟ್ ನೋಂದಣಿ ವಿಭಾಗ ತೆರೆದು ಮೊಬೈಲ್ ಸಂಖ್ಯೆ, ಇಮೇಲ್ ಕೊಟ್ಟು ಲಾಗಿನ್ ಮಾಡಿಕೊಳ್ಳಿ.
2. ವ್ಯಕ್ತಿಯೋ ಸಂಸ್ಥೆಯೋ ಎಂಬುದನ್ನು ಆರಿಸಿ, ಹೆಸರು ವಿಳಾಸಗಳನ್ನು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ತುಂಬಿ.
3. ದಾಖಲೆಗಳನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಸೇರಿಸಿ. ಹೆಸರಿನ ಅಕ್ಷರ ವ್ಯತ್ಯಾಸ, ವಿಳಾಸದ ವ್ಯತ್ಯಾಸ ಇದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.
4. ಶುಲ್ಕವನ್ನು ಆನ್‌ಲೈನ್‌ನಲ್ಲಿಯೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.
5. ಪ್ರಾಧಿಕಾರ ಕೊರತೆ ತೋರಿಸಿದರೆ ಕೊಟ್ಟ ಅವಧಿಯೊಳಗೆ ಉತ್ತರಿಸಿ. ಅರ್ಜಿದಾರರ ಮಾತು ಕೇಳದೆ ಅರ್ಜಿ ತಿರಸ್ಕರಿಸುವಂತಿಲ್ಲ.

ಅರ್ಜಿ ಸಲ್ಲಿಸಿದಾಗ ಸಿಗುವುದು ಸ್ವೀಕೃತಿ ಸಂಖ್ಯೆ ಮಾತ್ರ. ಅದು ‘ಎಸಿಕೆ’ ಎಂದು ಆರಂಭವಾಗುತ್ತದೆ. ಅದು ನೋಂದಣಿ ಸಂಖ್ಯೆಯಲ್ಲ, ಅದನ್ನು ಕಾರ್ಡಿನಲ್ಲಿ ಹಾಕಿಸಿ ವ್ಯವಹಾರ ಆರಂಭಿಸಬಾರದು. ನಿಜವಾದ ನೋಂದಣಿ ಸಂಖ್ಯೆಯ ನಡುವೆ ಏಜೆಂಟರಿಗೆ ‘ಎಜಿ’ ಎಂದೂ, ಪ್ರಾಜೆಕ್ಟಿಗೆ ‘ಪಿಆರ್’ ಎಂದೂ ಇರುತ್ತದೆ. ಬಡಾವಣೆಯ ಜಾಹೀರಾತಿನಲ್ಲಿ ಏಜೆಂಟರ ಸಂಖ್ಯೆ ಮಾತ್ರ ಇದ್ದು ಪ್ರಾಜೆಕ್ಟಿನ ಸಂಖ್ಯೆ ಇಲ್ಲದಿದ್ದರೆ ಅನುಮಾನಿಸಬೇಕು.

ಈ ಒಂದೇ ನೋಂದಣಿ ಇಡೀ ರಾಜ್ಯಕ್ಕೆ ಸಲ್ಲುತ್ತದೆ. ತೊರವಿಯಲ್ಲಿ ಕುಳಿತು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಪ್ರಾಜೆಕ್ಟನ್ನೂ ಮಾರಿಸಬಹುದು. ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು.

ನೋಂದಣಿಯ ನಂತರದ ಹೊಣೆಗಳು

ಪ್ರಮಾಣಪತ್ರವನ್ನು ಕಚೇರಿಯಲ್ಲಿ ಕಾಣುವಂತೆ ಹಾಕಬೇಕು. ಜಾಹೀರಾತು, ಕಾರ್ಡು, ಕರಾರು, ರಸೀದಿ ಎಲ್ಲದರಲ್ಲಿಯೂ ನೋಂದಣಿ ಸಂಖ್ಯೆ ಇರಬೇಕು. ಯಾವುದೇ ರೂಪದ ಪ್ರಚಾರವನ್ನೂ ಕಾಯ್ದೆ ಜಾಹೀರಾತು ಎಂದೇ ಪರಿಗಣಿಸುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ, ಸಮಾಜದ ಗುಂಪಿನಲ್ಲಿ ಹಾಕುವ ಪ್ಲಾಟಿನ ಚಿತ್ರವೂ ಅದರೊಳಗೆ ಬರುತ್ತದೆ.

ಲೆಕ್ಕಪತ್ರಗಳನ್ನು ಇಟ್ಟು ಕಾಪಾಡಬೇಕು. ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ಮಾಹಿತಿ, ದಾಖಲೆ ದೊರಕುವಂತೆ ನೋಡಿಕೊಳ್ಳಬೇಕು. ಇಲ್ಲದ ಮಂಜೂರಾತಿ ಇದೆ ಎನ್ನುವುದು, ಕೊಡದ ಸೌಲಭ್ಯ ಕೊಡುತ್ತೇವೆ ಎನ್ನುವುದು ಅನುಚಿತ ವ್ಯಾಪಾರ ಪದ್ಧತಿ. ಇಂಥ ತಪ್ಪಿಗೆ ನೋಂದಣಿ ರದ್ದಾಗಬಹುದು.

ಡೆವಲಪರ್ ಬಗ್ಗೆಯೂ ಎರಡು ನಿಯಮ ನೆನಪಿರಲಿ. ಮಾರಾಟ ಕರಾರು ನೋಂದಣಿ ಮಾಡಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ಶೇ 70ರಷ್ಟನ್ನು ಆ ಪ್ರಾಜೆಕ್ಟಿನ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಇಸಾರದ ಹೆಸರಿನಲ್ಲಿ ಅರ್ಧ ಹಣ ಕೇಳುವ ಡೆವಲಪರ್ ಜೊತೆ ಕೆಲಸ ಮಾಡುವ ಏಜೆಂಟ್ ತನ್ನ ಹೆಸರನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ತಪ್ಪಿದರೆ ಎಷ್ಟು ನಷ್ಟ?

ನೋಂದಣಿ ಇಲ್ಲದೆ ಪ್ರಾಜೆಕ್ಟ್ ಮಾರಿಸಿದರೆ, ಅಥವಾ ನೋಂದಣಿಯಿಲ್ಲದ ಬಡಾವಣೆ ಮಾರಿಸಿದರೆ, ದಂಡ ದಿನಕ್ಕೆ 10,000 ರೂಪಾಯಿ. ಒಟ್ಟು ದಂಡ ಆ ಆಸ್ತಿಯ ಬೆಲೆಯ ಶೇ 5ರವರೆಗೆ ಹೋಗಬಹುದು.

ಒಂದು ಲೆಕ್ಕ ನೋಡೋಣ. ಪ್ಲಾಟಿನ ಬೆಲೆ 12 ಲಕ್ಷ, ಕಮಿಷನ್ ಶೇ 1 ಎಂದುಕೊಂಡರೆ ಸಿಗುವುದು 12,000 ರೂಪಾಯಿ. ಶೇ 5ರ ಲೆಕ್ಕದಲ್ಲಿ ದಂಡ 60,000 ರೂಪಾಯಿವರೆಗೆ ಆಗಬಹುದು, ದಿನಕ್ಕೆ 10,000ದಂತೆ ಆರೇ ದಿನದಲ್ಲಿ ಅಷ್ಟಾಗುತ್ತದೆ. ನೋಂದಣಿಗೆ ಐದು ವರ್ಷಕ್ಕೆ 25,000 ಎಂದರೆ ವರ್ಷಕ್ಕೆ 5,000 ರೂಪಾಯಿ. ವ್ಯಾಪಾರ ಬಲ್ಲ ಮನೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ದಂಡಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮಲ್ಲಿ ಏಜೆಂಟರ ಮೊದಲ ಗಿರಾಕಿಗಳು ಸಾಮಾನ್ಯವಾಗಿ ನೆಂಟರು, ಪರಿಚಯದವರು. ಅವರು ಮಗಳ ಮದುವೆಗೆ ಕೂಡಿಟ್ಟದ್ದನ್ನೋ, ನಿವೃತ್ತಿಯ ಹಣವನ್ನೋ ಪ್ಲಾಟಿಗೆ ಹಾಕುತ್ತಾರೆ. ಆ ಪ್ಲಾಟಿಗೆ ಖಾತೆ ಆಗದಿದ್ದರೆ, ಮನೆ ಕಟ್ಟಲು ಪರವಾನಗಿ, ಬ್ಯಾಂಕ್ ಸಾಲ ಸಿಗದಿದ್ದರೆ, ಡೆವಲಪರ್ ಊರು ಬಿಟ್ಟು ಹೋಗಿರಬಹುದು. ಏಜೆಂಟ್ ಮಾತ್ರ ಅದೇ ಓಣಿಯಲ್ಲಿ ಇರುತ್ತಾನೆ.

ಪ್ಲಾಟು ತೋರಿಸುವ ಮೊದಲು ನೋಡಬೇಕಾದ ಕಾಗದಗಳು

ಒಳ್ಳೆಯ ಏಜೆಂಟ್ ಆಗುವುದು ಇಲ್ಲಿಂದ. ಗಿರಾಕಿಯನ್ನು ಜಾಗಕ್ಕೆ ಕರೆದೊಯ್ಯುವ ಮೊದಲು ಇವುಗಳನ್ನು ನೋಡಿ.

*ಎನ್‌ಎ ಆದೇಶ.* ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಅನುಮತಿ ಬೇಕು. ‘ಎನ್‌ಎಗೆ ಹಾಕಿದ್ದೇವೆ’ ಎಂಬುದು ‘ಎನ್‌ಎ ಆಗಿದೆ’ ಎಂದಲ್ಲ. ಆದೇಶದ ಪ್ರತಿಯನ್ನೇ ಕೇಳಿ, ಸರ್ವೆ ನಂಬರ್ ಮತ್ತು ಕ್ಷೇತ್ರ ಹೊಂದುತ್ತದೆಯೇ ನೋಡಿ.

*ಲೇಔಟ್ ಮಂಜೂರಾತಿ.* ಎನ್‌ಎ ಆದ ಮಾತ್ರಕ್ಕೆ ಲೇಔಟ್ ಮಂಜೂರಾದಂತಲ್ಲ. ನಗರದ ಯೋಜನಾ ಪ್ರದೇಶದಲ್ಲಿದ್ದರೆ ವಿಜಯಪುರ ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ ಇರಬೇಕು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಆ ನಕ್ಷೆಯಲ್ಲಿ ಇರುತ್ತದೆ. ತೋರಿಸುತ್ತಿರುವ ಪ್ಲಾಟಿನ ಸಂಖ್ಯೆ ನಕ್ಷೆಯಲ್ಲಿ ಇದೆಯೇ, ಅದು ಉದ್ಯಾನದ ಜಾಗವಲ್ಲವೇ ಎಂಬುದನ್ನು ಸ್ವತಃ ನೋಡಿ.

*ಗುಂಟೆ ಪ್ಲಾಟು.* ಕೃಷಿ ಜಮೀನನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವುದು ಕಡಿಮೆ ಬೆಲೆಗೆ ಸಿಗುವುದರಿಂದ ಜನರನ್ನು ಸೆಳೆಯುತ್ತದೆ. ಮನೆ ಕಟ್ಟುವ ಉದ್ದೇಶದಿಂದ ಕೊಳ್ಳುವವರಿಗೆ ಇದನ್ನು ತೋರಿಸಬೇಡಿ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂಬುದು ನಿಜ. ಆದರೆ ಕೊಂಡ ಹೊಲ ಹೊಲವಾಗಿಯೇ ಇರುತ್ತದೆ, ಪ್ಲಾಟು ಆಗುವುದಿಲ್ಲ.

*ಖಾತೆ.* ನಗರ ವ್ಯಾಪ್ತಿಯಲ್ಲಿ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಬೇಕು. ಬಿ ಖಾತೆ ಇದ್ದರೆ ಅದನ್ನು ಮುಚ್ಚಿಡಬಾರದು. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಬಡಾವಣೆ ಮಂಜೂರಾದಂತೆ ಆಗುವುದಿಲ್ಲ.

*ಇಸಿ ಮತ್ತು ಹಿಂದಿನ ಖರೀದಿ ಪತ್ರಗಳು.* ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದಲ್ಲಿ ಪಡೆಯಬಹುದು. ಬ್ಯಾಂಕ್ ಅಡಮಾನ, ಹಳೆಯ ಕರಾರು ಇದ್ದರೆ ಅದರಲ್ಲಿ ಕಾಣುತ್ತದೆ.

*ವಾಟ್ನಿ ಮತ್ತು ವಾರಸುದಾರರು.* ಪಿತ್ರಾರ್ಜಿತ ಹೊಲವಾಗಿದ್ದರೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ತಂದೆ 2005ರಲ್ಲಿ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ‘ಅಕ್ಕ ತಂಗಿಯರು ಏನೂ ಕೇಳುವುದಿಲ್ಲ’ ಎಂಬ ಮಾತಿನ ಮೇಲೆ ಯಾರ ಹಣವನ್ನೂ ಹಾಕಿಸಬೇಡಿ.

*ಮಂಜೂರಾತಿ ಜಮೀನು.* ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಉತಾರದ ಹಿಂದಿನ ನಮೂದುಗಳನ್ನು ನೋಡದೆ ಇದು ತಿಳಿಯುವುದಿಲ್ಲ.

*ಸ್ಮಾರಕದ ಸಮೀಪ.* ವಿಜಯಪುರದ ಸುತ್ತಮುತ್ತ ಇದು ವಿಶೇಷವಾಗಿ ಮುಖ್ಯ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಎರಡನೆಯದರಲ್ಲಿ ಪೂರ್ವಾನುಮತಿ ಬೇಕು. ಉಳಿದ ಕಾಗದಗಳೆಲ್ಲ ಸರಿ ಇದ್ದರೂ ಈ ಒಂದು ಕಾರಣಕ್ಕೆ ಮನೆ ಕಟ್ಟುವ ಆಸೆ ನಿಂತುಹೋಗಬಹುದು.

ಏಜೆಂಟ್ ವಕೀಲನಲ್ಲ. ಕಾಗದಗಳನ್ನು ಸಂಗ್ರಹಿಸಿ, ಕಂಡ ಕೊರತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿ, ಕೊಳ್ಳುವವರು ತಮ್ಮ ವಕೀಲರಿಂದ ನೋಡಿಸುವಂತೆ ಮಾಡುವುದು ಅವನ ಕೆಲಸ.

ಗಡಿಯಾಚೆಯ ವ್ಯವಹಾರ

ನಮ್ಮ ಅನೇಕರಿಗೆ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಸಂಬಂಧಗಳಿವೆ. ಅಲ್ಲಿಯ ಫ್ಲ್ಯಾಟು ಮಾರಿಸಲು ಕರ್ನಾಟಕದ ನೋಂದಣಿ ಸಾಲದು, ಮಹಾರಾಷ್ಟ್ರದ ಮಹಾರೇರಾ ನೋಂದಣಿ ಬೇಕು. ಅಲ್ಲಿ 2023ರಿಂದ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನೂ ಕಡ್ಡಾಯಗೊಳಿಸಲಾಗಿದೆ. ಎರಡೂ ಕಡೆ ಕೆಲಸ ಮಾಡಬೇಕೆನ್ನುವವರು ಎರಡೂ ನೋಂದಣಿ ಪಡೆಯಬೇಕು.

ಕಮಿಷನ್ ಮತ್ತು ತೆರಿಗೆ

ಕಮಿಷನ್ ಎಷ್ಟಿರಬೇಕೆಂದು ರೇರಾ ಕಾಯ್ದೆ ನಿಗದಿ ಮಾಡಿಲ್ಲ. ಆದ್ದರಿಂದ ಶೇಕಡಾ ಎಷ್ಟು, ಯಾರು ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಮೊದಲೇ ಬರೆದುಕೊಳ್ಳಿ. ಕಮಿಷನ್ ಕೊಡುವ ಸಂಸ್ಥೆ ಟಿಡಿಎಸ್ ಕಡಿತ ಮಾಡುತ್ತದೆ, 2024ರ ಅಕ್ಟೋಬರ್ 1ರಿಂದ ಇದರ ದರ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು, ಈ ಸೇವೆಗೆ ದರ ಶೇ 18.

ಆಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇಸಾರದ ಹಣ ಏಜೆಂಟರ ಕೈಯಲ್ಲಿ ಉಳಿಯದಿರುವುದೇ ಒಳ್ಳೆಯದು. ಕೊಳ್ಳುವವರ ಖಾತೆಯಿಂದ ಮಾರುವವರ ಖಾತೆಗೆ ನೇರವಾಗಿ ಹೋಗಲಿ.

ಕೊಳ್ಳುವ ಕುಟುಂಬಗಳಿಗೆ

ಏಜೆಂಟ್ ಸಂಬಂಧಿಕನೇ ಆಗಿರಲಿ, ಮೂರು ಪ್ರಶ್ನೆ ಕೇಳಲು ಸಂಕೋಚ ಬೇಡ: ನಿಮ್ಮ ರೇರಾ ಸಂಖ್ಯೆ ಏನು? ಈ ಬಡಾವಣೆಯ ರೇರಾ ಸಂಖ್ಯೆ ಏನು? ಮಂಜೂರಾದ ನಕ್ಷೆಯಲ್ಲಿ ಈ ಪ್ಲಾಟು ಎಲ್ಲಿದೆ? ಎರಡೂ ಸಂಖ್ಯೆಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ಮನೆಯಲ್ಲಿ ಕುಳಿತೇ ಪರಿಶೀಲಿಸಬಹುದು. ತೊಂದರೆಯಾದರೆ ಡೆವಲಪರ್ ಮೇಲೆ ಮಾತ್ರವಲ್ಲ, ಏಜೆಂಟ್ ಮೇಲೆಯೂ 31ನೇ ಕಲಮಿನಡಿ ಪ್ರಾಧಿಕಾರಕ್ಕೆ ದೂರು ಸಲ್ಲಿಸಲು ಅವಕಾಶವಿದೆ.

ಈ ಉದ್ಯೋಗಕ್ಕೆ ಬರುವ ಯುವಕ ಯುವತಿಯರಿಗೆ ಬಂಡವಾಳ ಹೆಚ್ಚು ಬೇಕಿಲ್ಲ. 25,000 ರೂಪಾಯಿ ಕಟ್ಟಿ ಪ್ರಮಾಣಪತ್ರ ಪಡೆಯುವುದು ಮೊದಲ ಹೆಜ್ಜೆ. ಕಾಗದ ಸರಿಯಿಲ್ಲದ ಪ್ಲಾಟಿನ ಮುಂದೆ ನಿಂತು, ಕಮಿಷನ್ ಕೈ ತಪ್ಪಿದರೂ ಸರಿ, ‘ಕಾಕಾ, ಇದನ್ನು ತೊಗೋಬ್ಯಾಡ್ರಿ’ ಎಂದು ಹೇಳಬಲ್ಲವರ ಹತ್ತಿರ ಜನ ಮತ್ತೆ ಬರುತ್ತಾರೆ.